ಎದುರಾಳಿಯ ಮಾತಿಗೊಂದು ಎಡೆ: ರನ್ನನ ನಾಡಿನಲ್ಲಿ ದೂರದರ್ಶನ, ಹಾಡು, ರಾಜಕಾರಣ

ಗೃಹಸ್ಥ ಶ್ರಾವಕನಿಗೆ ವಿಹಿತವಾದ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಸುಮ್ಮನೆ ಕಟ್ಟಿಕೊಳ್ಳುವ ಪಾಪದಿಂದ ದೂರವಿರುವುದು ಎಂಬುದೇ ಅದರ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಂಥ ಪಾಪದ ಐದು ಬಗೆಗಳನ್ನು ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ದುಃಶ್ರುತಿಯೆಂದರೆ ರಾಗ, ದ್ವೇಷ, ಮದಗಳಿಂದ ಚಿತ್ತವನ್ನು ಕದಡುವ ಮಾತುಗಳಿಗೆ ಕಿವಿಗೊಡುವುದು. ಅಪಧ್ಯಾನವೆಂದರೆ ದ್ವೇಷದಿಂದ ಮತ್ತೊಬ್ಬರ ಕೇಡನ್ನು ಮನಸ್ಸಿನಲ್ಲಿಯೇ ಬಯಸುತ್ತಿರುವುದು. ಕಿವಿಯಿಂದ ಒಳಹೊಕ್ಕ ಮೊದಲನೆಯದು ಎದೆಯಲ್ಲಿ ಎರಡನೆಯದಾಗಿ ಬೆಳೆಯುತ್ತದೆ. ಬಾಯಿಗೆ ಹೋಗುವುದರ ವಿಷಯದಲ್ಲಿ ಜೈನ ಮನೆತನಗಳು ಇಂದಿಗೂ ಬಹಳ ಎಚ್ಚರದಿಂದಿವೆ. ರಾತ್ರಿಭೋಜನ ಕೂಡದು, ಕಂದಮೂಲ ಕೂಡದು, ನೀರನ್ನು ಸೋಸಿ ಕುಡಿಯಬೇಕು ಎಂಬ ನಿಯಮಗಳು ಮಕ್ಕಳಿಗೂ ಗೊತ್ತು. ಆದರೆ ಕಿವಿಗೆ ಹೋಗುವುದನ್ನು ಸೋಸುವ ಅರಿವೆ ಯಾವುದು ಎಂದು ಕೇಳಿದರೆ ಹಿರಿಯರೂ ತಡವರಿಸುತ್ತಾರೆ.

ಈ ತಡವರಿಕೆಗೆ ಕಾರಣವಿದೆ. ಧಾರ್ಮಿಕ ಕಾರ್ಯಕ್ರಮ ಒಳ್ಳೆಯದು, ಲೌಕಿಕ ಕಾರ್ಯಕ್ರಮ ಕೆಟ್ಟದ್ದು ಎಂಬ ಸುಲಭದ ವಿಂಗಡಣೆಯೊಂದು ಮನೆಮನೆಗಳಲ್ಲಿ ರೂಢವಾಗಿದೆ. ಪುರಾಣದ ಕಥೆಯನ್ನು ತೋರಿಸುತ್ತಿದ್ದರೆ ಪೆಟ್ಟಿಗೆ ಎಷ್ಟು ಹೊತ್ತು ಉರಿದರೂ ಚಿಂತೆಯಿಲ್ಲ. ಸಿನೆಮಾ ಹಾಡು ಬಂದರೆ ಮಾತ್ರ ಅಜ್ಜ ಕೆಮ್ಮುತ್ತಾರೆ. ಪುರಾಣದ ಕಥೆಯೂ ದ್ವೇಷವನ್ನು ಬೆಳೆಸಬಲ್ಲದು, ಲೌಕಿಕದ ಹಾಡೂ ಚಿತ್ತವನ್ನು ತಿಳಿಗೊಳಿಸಬಲ್ಲದು ಎಂಬುದನ್ನು ಈ ವಿಂಗಡಣೆ ಗಮನಿಸುವುದಿಲ್ಲ. ಆದುದರಿಂದ ಬೇರೊಂದು ಅಳತೆಗೋಲು ಬೇಕು. ಕಾವ್ಯವಿರಲಿ, ಧಾರಾವಾಹಿಯಿರಲಿ, ಹಾಡಿರಲಿ, ಚುನಾವಣೆಯ ಭಾಷಣವಿರಲಿ, ಅದು ಎದುರಾಳಿಯ ಮಾತಿಗೆ ಎಷ್ಟು ಎಡೆ ಕೊಡುತ್ತದೆ ಎಂದು ಕೇಳಿ ನೋಡಬಹುದು. ಅನೇಕಾಂತವನ್ನು ಬದುಕಿಗೆ ತರುವುದೆಂದರೆ ಈ ಪ್ರಶ್ನೆಯನ್ನು ದಿನವೂ ಕೇಳುವುದೇ ಆಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರಿಗೆ ಈ ಅಳತೆಗೋಲು ಹೊರಗಿನಿಂದ ಬರಬೇಕಾದುದಲ್ಲ. ಸಾವಿರ ವರ್ಷಗಳ ಹಿಂದೆ ಈ ನೆಲದಲ್ಲಿ ಹುಟ್ಟಿದ ಒಬ್ಬ ಜೈನ ಕವಿ ಅದನ್ನು ಕೊಟ್ಟುಹೋಗಿದ್ದಾನೆ.

ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ರನ್ನ ಜನಿಸಿದ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಊರನ್ನು ಅವನು ಜಂಬುಖಂಡಿ ಎಪ್ಪತ್ತರೊಳಗೆ ಸೇರಿಸಿ ಹೇಳುತ್ತಾನೆ. ಆ ಜಂಬುಖಂಡಿಯೇ ಇಂದಿನ ಜಮಖಂಡಿ. ವಿದ್ಯೆಗಾಗಿ ಗಂಗವಾಡಿಗೆ ಹೋಗಿ, ಚಾವುಂಡರಾಯನ ಆಶ್ರಯದಲ್ಲಿ ಅಜಿತಸೇನಾಚಾರ್ಯರ ಶಿಷ್ಯನಾಗಿ ಕಲಿತು, ಮರಳಿ ಬಂದು ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ಈ ಸಂಗತಿಗಳು ಶಾಲೆಯ ಪುಸ್ತಕಗಳಲ್ಲಿಯೂ ಇವೆ. ಆದರೆ ಸಮಾಜದ ಸಭೆಗಳಲ್ಲಿ ರನ್ನನ ಹೆಸರನ್ನು ಅಭಿಮಾನದಿಂದ ಉಚ್ಚರಿಸುವಷ್ಟು ಶ್ರದ್ಧೆಯಿಂದ ಅವನ ಗದಾಯುದ್ಧವನ್ನು ತೆರೆದು ಓದುವವರು ವಿರಳ. ಓದಿದವರಿಗೆ ಅದು ಎಂಥ ರಾಜಕೀಯ ಕಾವ್ಯವೆಂಬುದು ತಿಳಿಯುತ್ತದೆ.

ರಾಜಕೀಯ ಕಾವ್ಯವೆಂಬ ಮಾತನ್ನು ಇಲ್ಲಿ ಅದರ ನೇರ ಅರ್ಥದಲ್ಲಿಯೇ ಗ್ರಹಿಸಬೇಕು. ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಕೊಂಡಾಡಲೆಂದೇ ರನ್ನ ಈ ಕೃತಿಯನ್ನು ರಚಿಸಿದ. ಸಾಹಸಭೀಮವಿಜಯ ಎಂಬ ಅದರ ಇನ್ನೊಂದು ಹೆಸರೇ ಅದನ್ನು ಸಾರುತ್ತದೆ. ಕಡೆಯಲ್ಲಿ ಪಟ್ಟವೇರುವವನೂ ಭೀಮನೇ. ಕವಿಯ ಅನ್ನದ ಋಣ ಯಾವ ಕಡೆಗಿತ್ತೆಂಬುದರಲ್ಲಿ ಯಾವ ಗುಟ್ಟೂ ಇಲ್ಲ. ಹೀಗಿರುವಾಗ ದುರ್ಯೋಧನನನ್ನು ಒಂದು ಕರಿಯ ಬೊಂಬೆಯಾಗಿ ನಿಲ್ಲಿಸಿ ಕೆಡವಿದ್ದರೆ ರಾಜನೂ ಮೆಚ್ಚುತ್ತಿದ್ದ, ಸಭೆಯೂ ಚಪ್ಪಾಳೆ ತಟ್ಟುತ್ತಿತ್ತು. ರನ್ನ ಹಾಗೆ ಮಾಡಲಿಲ್ಲ. ಹದಿನೆಂಟು ದಿನಗಳ ಯುದ್ಧ ಮುಗಿಯುತ್ತ ಬಂದಾಗ, ಸಂಜಯನೊಬ್ಬನನ್ನೇ ಜೊತೆಗೆ ಕರೆದುಕೊಂಡು ದುರ್ಯೋಧನ ರಣಭೂಮಿಯಲ್ಲಿ ನಡೆಯುವ ಭಾಗಕ್ಕೆ ಕವಿ ತನ್ನ ಶಕ್ತಿಯನ್ನೆಲ್ಲ ಧಾರೆಯೆರೆದಿದ್ದಾನೆ. ಗುರು ದ್ರೋಣನ ಕಳೇಬರ, ತಮ್ಮ ದುಶ್ಶಾಸನನ ದೇಹ, ಮಗ ಲಕ್ಷಣಕುಮಾರನ ದೇಹ, ಕಡೆಗೆ ಕರ್ಣನ ದೇಹ, ಒಂದೊಂದರ ಮುಂದೆಯೂ ಅವನು ನಿಂತು ಅಳುತ್ತಾನೆ. ಇವರ ನಡುವೆ ಅಭಿಮನ್ಯುವಿನ ಶವವೂ ಇದೆ. ಅವನು ಶತ್ರುವಿನ ಮಗ. ಅವನ ಮುಂದೆಯೂ ದುರ್ಯೋಧನ ನಿಂತು, ಕೈಮುಗಿದು, ಆ ಬಾಲಕನ ಪರಾಕ್ರಮದ ಒಂದಂಶವಾದರೂ ತನ್ನ ಸಾವಿಗೆ ದೊರೆಯಲಿ ಎಂದು ಬೇಡಿಕೊಳ್ಳುತ್ತಾನೆ.

ಓದುಗ ಇಲ್ಲಿ ಒಂದು ಕ್ಷಣ ದುರ್ಯೋಧನನ ಪಕ್ಕದಲ್ಲಿ ನಿಲ್ಲುತ್ತಾನೆ. ನಿಂತು, ಅವನ ತಪ್ಪನ್ನು ಮರೆಯುವುದಿಲ್ಲ. ಏಕೆಂದರೆ ಕಾವ್ಯದ ಆರಂಭದಲ್ಲಿಯೇ ದ್ರೌಪದಿ ತನಗಾದ ಅವಮಾನವನ್ನು ನೆನಪಿಸಿದ್ದಾಳೆ, ಭೀಮ ತನ್ನ ಪ್ರತಿಜ್ಞೆಯನ್ನು ಮತ್ತೆ ನುಡಿದಿದ್ದಾನೆ. ಆ ಅನ್ಯಾಯವನ್ನು ಕವಿ ಎಲ್ಲಿಯೂ ತೊಳೆದುಹಾಕುವುದಿಲ್ಲ. ತಂದೆತಾಯಿಗಳು ಬಂದು ಸಂಧಿಗೆ ಒಪ್ಪೆಂದು ಬೇಡಿದರೂ ದುರ್ಯೋಧನ ಒಪ್ಪುವುದಿಲ್ಲ. ಆ ಹಟದ ಬೆಲೆಯನ್ನೂ ಅವನೇ ತೆರುತ್ತಾನೆ. ಭೀಷ್ಮನ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಗರ್ಜನೆ ಕೇಳಿ ತಣ್ಣೀರೊಳಗೂ ರೋಷದಿಂದ ಬೆವರಿ ಮೇಲೇಳುತ್ತಾನೆ. ಅವನು ಸೋಲಲೇಬೇಕು, ಸೋಲುತ್ತಾನೆ. ಆದರೆ ಮನುಷ್ಯನಾಗಿ ಸೋಲುತ್ತಾನೆ. ರನ್ನನಿಗಿಂತ ಮೊದಲು ಪಂಪನೂ 941ರಲ್ಲಿ ಭಾರತವನ್ನು ಮುಗಿಸುವಾಗ ನೆನೆಯಬೇಕಾದವರ ಸಾಲಿನಲ್ಲಿ ದುರ್ಯೋಧನನನ್ನು ಅವನ ಛಲಕ್ಕಾಗಿ ಸೇರಿಸಿದ್ದನು. ಇಬ್ಬರೂ ಜೈನ ಕವಿಗಳು, ಇಬ್ಬರೂ ಆಸ್ಥಾನದ ಕವಿಗಳು. ಪಕ್ಷವಿದ್ದೂ ಪಕ್ಷಪಾತಕ್ಕೆ ಬೀಳದಿರುವುದು ಸಾಧ್ಯವೆಂದು ಇಬ್ಬರೂ ತೋರಿಸಿದರು.

ಈ ಅಳತೆಗೋಲನ್ನು ಹಿಡಿದು ದೂರದರ್ಶನದ ಹಳೆಯ ದಿನಗಳ ಕಡೆಗೆ ನೋಡಬೇಕು. 1988 ಆ ದೃಷ್ಟಿಯಿಂದ ವಿಶೇಷ ವರ್ಷ. ಜನವರಿಯಲ್ಲಿ ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ 'ತಮಸ್' ಬಂತು. ಜುಲೈಯಲ್ಲಿ, ಹಿಂದಿನ ವರ್ಷ ಆರಂಭವಾಗಿದ್ದ ರಮಾನಂದ ಸಾಗರರ 'ರಾಮಾಯಣ' ಮುಗಿಯಿತು. ಆಗಸ್ಟ್ 15ರಂದು ಪಂಡಿತ ಭೀಮಸೇನ ಜೋಶಿಯವರ ಕಂಠದಿಂದ ತೊಡಗುವ 'ಮಿಲೇ ಸುರ್ ಮೇರಾ ತುಮ್ಹಾರಾ' ಮೊದಲ ಬಾರಿಗೆ ಕೇಳಿಸಿತು. ಅಕ್ಟೋಬರ್ 2ರಿಂದ ಬಿ.ಆರ್. ಚೋಪ್ರಾ ಅವರ 'ಮಹಾಭಾರತ', ನವೆಂಬರಿನಿಂದ ಶ್ಯಾಮ ಬೆನಗಲ್ ಅವರ 'ಭಾರತ್ ಏಕ್ ಖೋಜ್' ಬರತೊಡಗಿದವು. ಒಂದೇ ವಾಹಿನಿ, ಒಂದು ಓಣಿಗೆ ಒಂದೋ ಎರಡೋ ಪೆಟ್ಟಿಗೆ, ಅದರ ಮುಂದೆ ಜಾತಿಮತ ನೋಡದೆ ಕೂಡಿದ ನೆರೆಹೊರೆ. ರವಿವಾರ ಮುಂಜಾನೆ ಓಣಿಗಳು ಬರಿದಾಗುತ್ತಿದ್ದುದನ್ನು ಆ ಕಾಲವನ್ನು ಕಂಡವರೆಲ್ಲ ಇಂದಿಗೂ ನೆನೆಯುತ್ತಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ಇವೇ ಧಾರಾವಾಹಿಗಳು ಮತ್ತೆ ಪ್ರಸಾರವಾದಾಗ ಹೊಸ ಪೀಳಿಗೆಯೂ ಅವನ್ನು ನೋಡಿತು. ಆದುದರಿಂದ ಅವುಗಳ ವಿಮರ್ಶೆ ಕೇವಲ ಹಳೆಯ ನೆನಪಿನ ಮಾತಾಗುವುದಿಲ್ಲ.

ಚೋಪ್ರಾ ಅವರ 'ಮಹಾಭಾರತ'ದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. 1990ರ ಜೂನ್‌ವರೆಗೆ 94 ಕಂತುಗಳಲ್ಲಿ ನಡೆದ ಅದರ ಸಂಭಾಷಣೆಯನ್ನು ಬರೆದವರು ಗಂಗಾತೀರದ ಗಾಜೀಪುರದಿಂದ ಬಂದ ರಾಹಿ ಮಾಸೂಮ್ ರಜಾ. ಮುಸಲ್ಮಾನ ಲೇಖಕನೊಬ್ಬ ಭಾರತದ ಕಥೆಗೆ ಮಾತು ಕೊಡುವುದೇ ಎಂದು ಆಕ್ಷೇಪಿಸಿದವರಿಗೆ ಆ ಮಾತುಗಳ ಘನತೆಯೇ ಉತ್ತರವಾಯಿತು. ಕಾಲಪುರುಷನನ್ನೇ ನಿರೂಪಕನನ್ನಾಗಿ ಮಾಡಿದ್ದು ಜಾಣತನದ ಕಲ್ಪನೆ. ಕಾಲಕ್ಕೆ ಪಾಂಡವರೂ ಇಲ್ಲ, ಕೌರವರೂ ಇಲ್ಲ; ಅದು ಎಲ್ಲರನ್ನೂ ಕಂಡಿದೆ. ಹರೀಶ ಭಿಮಾನಿಯವರ ಗಂಭೀರ ಧ್ವನಿಯಲ್ಲಿ ಆ ನಿರೂಪಣೆ ಕೇಳಿದಾಗ ಪ್ರೇಕ್ಷಕನಿಗೆ ಕಥೆಯಿಂದ ತುಸು ದೂರ ನಿಂತು ಯೋಚಿಸುವ ಅವಕಾಶ ದೊರೆಯುತ್ತಿತ್ತು. ಭೀಷ್ಮನ ಇಕ್ಕಟ್ಟು, ಕರ್ಣನ ಕೊರಗು ಇವುಗಳಿಗೂ ಧಾರಾವಾಹಿ ಸಮಯ ಕೊಟ್ಟಿತು. ಅಷ್ಟರ ಮಟ್ಟಿಗೆ ಅದು ರನ್ನನ ಹಾದಿಗೆ ಹತ್ತಿರದಲ್ಲಿಯೇ ಇತ್ತು.

ದೋಷ ಕಾಣಿಸುವುದು ದುರ್ಯೋಧನನಲ್ಲಿ. ಪುನೀತ ಇಸ್ಸರ್ ಅವರು ಆ ಪಾತ್ರಕ್ಕೆ ದೇಹಬಲವನ್ನೂ ಕಂಠಬಲವನ್ನೂ ಧಾರಾಳವಾಗಿ ಕೊಟ್ಟರು. ಆದರೆ ಅವನು ತೆರೆಯ ಮೇಲೆ ಬರುವ ಮುನ್ನವೇ ಹಿನ್ನೆಲೆಯ ವಾದ್ಯ ತೀರ್ಪನ್ನು ಕೊಟ್ಟುಬಿಡುತ್ತದೆ. ಅವನು ಹುಬ್ಬು ಗಂಟಿಕ್ಕಿದಾಗ ಒಂದು ಅಬ್ಬರ, ಶಕುನಿ ದಾಳ ಉಜ್ಜಿದಾಗ ಒಂದು ಕರ್ಕಶ ನಾದ, ಕೃಷ್ಣ ನಕ್ಕಾಗ ಕೊಳಲು. ಪ್ರೇಕ್ಷಕ ಮಾತನ್ನು ಕೇಳಿ ತೂಗಿನೋಡುವ ಕೆಲಸವನ್ನು ವಾದ್ಯವೇ ಮಾಡಿ ಮುಗಿಸುತ್ತದೆ. ಹೀಗೆ 94 ಕಂತು ಕೇಳಿದ ಕಿವಿ, ಯಾರನ್ನು ಮೆಚ್ಚಬೇಕು, ಯಾರನ್ನು ಹಳಿಯಬೇಕೆಂದು ಸಂಗೀತವೇ ಮುಂಚಿತವಾಗಿ ತಿಳಿಸಬೇಕೆಂದು ನಿರೀಕ್ಷಿಸತೊಡಗುತ್ತದೆ. ರನ್ನ ಹತ್ತು ಆಶ್ವಾಸಗಳ ಕಾವ್ಯದಲ್ಲಿ ವಿಸ್ತರಿಸಿದ ಆ ಕಡೆಯ ದಿನ ಧಾರಾವಾಹಿಯಲ್ಲಿ ಬೇಗ ಮುಗಿದುಹೋಗುತ್ತದೆ. ದುರ್ಯೋಧನ ಅಳುವುದನ್ನು ಮನಸ್ಸಿಗೆ ನಾಟುವಂತೆ ತೋರಿಸಿದ್ದರೆ ಪ್ರೇಕ್ಷಕರ ಸಂಖ್ಯೆ ಕಡಿಮೆಯಾಗುತ್ತಿರಲಿಲ್ಲ. ಅವರ ಅನುಕಂಪದ ಪರಿಧಿ ಹಿಗ್ಗುತ್ತಿತ್ತು.

'ರಾಮಾಯಣ'ದ ವಿಷಯದಲ್ಲಿ ಜೈನ ಓದುಗರಿಗೆ ಹೋಲಿಕೆ ಇನ್ನೂ ಸುಲಭ. ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದ ನಾಗಚಂದ್ರ ತನ್ನ ರಾಮಚಂದ್ರ ಚರಿತಪುರಾಣದಲ್ಲಿ ರಾವಣನನ್ನು ರಾಕ್ಷಸನೆನ್ನದೆ ವಿದ್ಯಾಧರನೆಂದ. ಒಂದು ದೌರ್ಬಲ್ಯದಿಂದ ಕೆಟ್ಟ, ಕಡೆಗೆ ಪಶ್ಚಾತ್ತಾಪಪಟ್ಟು ಸೀತೆಯನ್ನು ಮರಳಿಸುವ ನಿಶ್ಚಯಕ್ಕೆ ಬಂದ ಮಹಾಪುರುಷನನ್ನಾಗಿ ಅವನನ್ನು ಚಿತ್ರಿಸಿದ. ಸಾಗರರ ಧಾರಾವಾಹಿಯ ರಾವಣನಿಗೆ ಅಂಥ ಎಡೆ ದೊರೆಯಲಿಲ್ಲ. ಅಚ್ಚರಿಯೆಂದರೆ ಪ್ರೇಕ್ಷಕರು ನಿರ್ದೇಶಕರಿಗಿಂತ ಉದಾರರಾಗಿದ್ದರು. 1991ರ ಲೋಕಸಭಾ ಚುನಾವಣೆಯಲ್ಲಿ ಗುಜರಾತಿನಿಂದ ಸೀತೆಯ ಪಾತ್ರಧಾರಿ ದೀಪಿಕಾ ಚಿಖಲಿಯಾ ಆರಿಸಿಬಂದಂತೆ ರಾವಣನ ಪಾತ್ರಧಾರಿ ಅರವಿಂದ ತ್ರಿವೇದಿಯವರೂ ಅದೇ ಪಕ್ಷದಿಂದ ಆರಿಸಿಬಂದರು. 1996ರಲ್ಲಿ ಕೃಷ್ಣನ ಪಾತ್ರಧಾರಿ ನಿತೀಶ ಭಾರದ್ವಾಜ, 2024ರಲ್ಲಿ ರಾಮನ ಪಾತ್ರಧಾರಿ ಅರುಣ ಗೋವಿಲ್ ಲೋಕಸಭೆಗೆ ಹೋದರು. ನಟರು ರಾಜಕಾರಣಕ್ಕೆ ಬಂದುದರಲ್ಲಿ ತಪ್ಪಿಲ್ಲ. ಅದು ಪ್ರತಿಯೊಬ್ಬ ಪ್ರಜೆಯ ಹಕ್ಕು. ಆದರೆ ತೆರೆ ಕಲಿಸಿದ ದೃಷ್ಟಿ ಮತಪೆಟ್ಟಿಗೆಗೆ ಬಂದಿತೇ ಎಂಬುದು ವಿಚಾರಾರ್ಹ. ಒಂದು ಕಡೆ ದೇವರು, ಇನ್ನೊಂದು ಕಡೆ ದೈತ್ಯ ಎಂಬ ನೋಟದಿಂದ ಚುನಾವಣೆಯನ್ನು ನೋಡುವ ಅಭ್ಯಾಸ ಆ ದಶಕದಿಂದೀಚೆಗೆ ಎಲ್ಲ ಪಕ್ಷಗಳ ಬೆಂಬಲಿಗರಲ್ಲಿಯೂ ಬಲಿತಿದೆ ಎಂಬುದನ್ನು ನಿರಾಕರಿಸಲಾಗದು.

ಎದುರಾಳಿಯ ಮಾತನ್ನು ಕೇಳಿಯೇ ವಾದಿಸುವ ಕಲೆ ಈ ಸೀಮೆಗೆ ಹೊಸದಲ್ಲ. ಹರದೇಶಿ-ನಾಗೇಶಿ ಎಂದೊಡನೆ ಕೃಷ್ಣಾ, ಘಟಪ್ರಭಾ ದಂಡೆಯ ಹಳ್ಳಿಗಳ ಹಿರಿಯರ ಮುಖ ಅರಳುತ್ತದೆ. ಗೀಗೀ ಪದದ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಡಪ್ಪು, ತುಂತುಣಿ, ತಾಳಗಳೇ ವಾದ್ಯ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಒಂದು ಮೇಳ ಪುರಾಣದಿಂದಲೋ ಲೋಕಾನುಭವದಿಂದಲೋ ಒಂದು ಪ್ರಶ್ನೆಯನ್ನು ಎಸೆಯುತ್ತದೆ; ಇನ್ನೊಂದು ಮೇಳ ಅದಕ್ಕೆ ಉತ್ತರ ಹೇಳಿ, ತನ್ನ ಪ್ರಶ್ನೆಯನ್ನು ಮರಳಿ ಎಸೆಯಬೇಕು. ಜಾತ್ರೆ ಉತ್ಸವಗಳಲ್ಲಿ ಈ ಸವಾಲ್-ಜವಾಬು ರಾತ್ರಿಯಿಡೀ ನಡೆಯುತ್ತದೆ. ಮೊನಚು ಮಾತು, ಕೀಟಲೆ, ಒಮ್ಮೊಮ್ಮೆ ಮಿತಿಮೀರಿದ ಹಾಸ್ಯವೂ ಅಲ್ಲಿರುತ್ತವೆ ಎಂಬುದು ನಿಜ. ಶ್ರಾವಕರ ಮನೆಗಳಲ್ಲಿ ಅದನ್ನು ಕೀಳೆಂದು ಬದಿಗಿಟ್ಟದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಆದರೆ ಆ ಹಾಡಿಕೆಯ ಒಳಕಟ್ಟನ್ನು ಗಮನಿಸಿದರೆ ಬೇರೊಂದು ಸಂಗತಿ ತೋರುತ್ತದೆ. ಎದುರಿನ ಮೇಳದ ಪದವನ್ನು ಪೂರ್ತಿ ಕೇಳದೆ ಜವಾಬು ಕೊಡಲಾಗದು. ನಡುವೆ ಬಾಯಿ ಹಾಕಿದರೆ ತಾಳ ಕೆಡುತ್ತದೆ, ನೆರೆದ ಜನರೇ ಗದರುತ್ತಾರೆ. ನಾಗೇಶಿ ಹಾಡುವವರಿಗೆ ಹರದೇಶಿಯ ವಾದಗಳೆಲ್ಲ ಬಾಯಿಪಾಠವಾಗಿರಬೇಕು, ಅವರಿಗೆ ಇವರವು. ಎದುರಾಳಿಯ ವಾದವನ್ನು ಅವನಷ್ಟೇ ಚೆನ್ನಾಗಿ ಬಲ್ಲವನು ಮಾತ್ರ ಅಲ್ಲಿ ಗೆಲ್ಲುತ್ತಾನೆ. ಬೆಳಗಾಗುವ ಹೊತ್ತಿಗೆ ಮಂಗಳ ಹಾಡಿದ ಮೇಲೆ ವಾದದ ಬಿಸಿ ಅಲ್ಲಿಗೇ ಇಳಿಯುತ್ತದೆ. ನ್ಯಾಯಶಾಸ್ತ್ರ ಬಲ್ಲವರು ಪೂರ್ವಪಕ್ಷವೆಂದು ಕರೆಯುವುದನ್ನು ಅಕ್ಷರ ಬಾರದ ಹಾಡುಗಾರರೂ ಡಪ್ಪಿನ ತಾಳದ ಮೇಲೆ ಸಾಧಿಸಿದ್ದರು. ಧರ್ಮದ ಹೆಸರಿಲ್ಲದಿದ್ದರೂ ಅದು ಅನೇಕಾಂತದ ಪಾಠವೇ ಸರಿ.

ಶಾಸ್ತ್ರೀಯ ಸಂಗೀತವೂ ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತದೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮೂಲಕ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನ ಈ ಸೀಮೆಯ ಮನೆಗಳಿಗೂ ನೇಕಾರರ ಓಣಿಗಳಿಗೂ ಬಂದಿತು. ರಾಗದಲ್ಲಿ ವಾದಿ, ಸಂವಾದಿ, ಅನುವಾದಿ, ವಿವಾದಿ ಎಂದು ಸ್ವರಗಳ ನಾಲ್ಕು ಬಗೆ. ಸಂಗೀತಶಾಸ್ತ್ರ ಇವನ್ನು ರಾಜ, ಮಂತ್ರಿ, ಪರಿವಾರ, ಶತ್ರು ಎಂದು ಹೋಲಿಸುತ್ತದೆ. ವಿವಾದಿಯಾದ ಸ್ವರ ಸ್ವಭಾವತಃ ಕೆಟ್ಟದ್ದಲ್ಲ. ಆ ರಾಗದಲ್ಲಿ ಅದಕ್ಕೆ ಸ್ಥಾನವಿಲ್ಲ, ಅಷ್ಟೆ. ಇನ್ನೊಂದು ರಾಗದಲ್ಲಿ ಅದೇ ಸ್ವರ ರಾಜನಾಗಿರಬಹುದು. ಯಮನ್ ರಾಗಕ್ಕೆ ಶುದ್ಧ ಮಧ್ಯಮ ಹೊರಗಿನದು. ಆದರೆ ಯಮನ್ ಕಲ್ಯಾಣದಲ್ಲಿ ಗಾಯಕ ಎರಡು ಗಾಂಧಾರಗಳ ನಡುವೆ ಅದನ್ನೇ ಮೃದುವಾಗಿ ಮುಟ್ಟಿ ಬರುತ್ತಾನೆ, ರಾಗದ ಕಾಂತಿ ಹೆಚ್ಚುತ್ತದೆ. ಎಲ್ಲಿ ಮುಟ್ಟಬೇಕು, ಎಷ್ಟು ಮುಟ್ಟಬೇಕು ಎಂಬ ವಿವೇಕ ಮಾತ್ರ ಕಳೆಯಬಾರದು. ಧಾರಾವಾಹಿಯ ಹಿನ್ನೆಲೆ ವಾದ್ಯ ಇಂಥ ತಾಳ್ಮೆಯನ್ನು ಕಲಿಸುವುದಿಲ್ಲ. ಗಂಟೆಗಟ್ಟಲೆ ಒಂದು ರಾಗವನ್ನು ಕೇಳುವವನು ತೀರ್ಪನ್ನು ಮುಂದೂಡುವುದನ್ನು ಕಲಿಯುತ್ತಾನೆ.

ಇನ್ನು ರಾಜಕಾರಣ. ಈ ಭಾಗದ ಮತದಾರರು ಒಂದು ಕಾಲದಲ್ಲಿ ತೋರಿಸಿದ ಪ್ರೌಢತೆಗೆ 1991ರ ಬಾಗಲಕೋಟೆ ಲೋಕಸಭಾ ಚುನಾವಣೆ ಸಾಕ್ಷಿ. ಒಂದು ಕಡೆ ರಾಮಕೃಷ್ಣ ಹೆಗಡೆ, 1983ರಿಂದ 1988ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿ ಪಂಚಾಯತ ವ್ಯವಸ್ಥೆಗೆ ಹೊಸ ರೂಪ ಕೊಟ್ಟವರು. ಇನ್ನೊಂದು ಕಡೆ ಜಮಖಂಡಿಯ ಸಿದ್ದು ನ್ಯಾಮಗೌಡ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕಟ್ಟಿದ ಬ್ಯಾರೇಜಿನ ಮುಂದಾಳು. ಜನ ನ್ಯಾಮಗೌಡರನ್ನು ಆರಿಸಿದರು; ಅವರು ಕೇಂದ್ರದಲ್ಲಿ ರಾಜ್ಯಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರು ಜಮಖಂಡಿಯ ಶಾಸಕರಾಗಿದ್ದರು. ಹೆಗಡೆಯವರನ್ನು ಸೋಲಿಸಿದ ಮತದಾರ ಅವರನ್ನು ದೈತ್ಯನೆಂದು ಕರೆಯಬೇಕಾಗಿರಲಿಲ್ಲ. ನೀರು ತಂದವನ ಋಣವನ್ನೂ ಅಧಿಕಾರವನ್ನು ಹಳ್ಳಿಗೆ ಹಂಚಿದವನ ಹಿರಿಮೆಯನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅವನಿಗೆ ಸಾಧ್ಯವಿತ್ತು.

ಅದೇ ನೀರಿನ ಇನ್ನೊಂದು ಮುಖವನ್ನೂ ನೋಡಬೇಕು. ಚಿಕ್ಕಪಡಸಲಗಿಯ ಬ್ಯಾರೇಜು ಜಮಖಂಡಿಯ ಹೊಲಗಳಿಗೆ ಕಬ್ಬು ತಂದಿತು. ಕೆಳಗಿನ ಆಲಮಟ್ಟಿಯ ಹಿನ್ನೀರು ಬೀಳಗಿ, ಬಾಗಲಕೋಟೆ ತಾಲೂಕುಗಳ ಊರುಗಳನ್ನೂ ಕರಿಮಣ್ಣಿನ ಹೊಲಗಳನ್ನೂ ನುಂಗಿತು. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿಯಿತ್ತಾಗ, ನೀರು ಸಿಗುವವರಿಗೆ ಅದು ಹಬ್ಬ, ಮತ್ತಷ್ಟು ನೆಲ ಬಿಡಬೇಕಾದವರಿಗೆ ಅದು ಸೂತಕ. ಇಬ್ಬರೂ ಒಂದೇ ಜಿಲ್ಲೆಯವರು, ಅನೇಕ ಕಡೆ ಬೀಗರು ಕೂಡ. ಕಬ್ಬಿನ ದರದ ವಿಷಯದಲ್ಲಿ ಬೆಳೆಗಾರ ಮತ್ತು ಕಾರ್ಖಾನೆ, ರಬಕವಿ-ಬನಹಟ್ಟಿಯ ಮಗ್ಗಗಳ ವಿಷಯದಲ್ಲಿ ಮಾಲೀಕ ಮತ್ತು ಕೂಲಿ ನೇಕಾರ, ಎಲ್ಲಿ ನೋಡಿದರೂ ಪ್ರಶ್ನೆಗಳಿಗೆ ಇಂಥ ಎರಡು ಮೂರು ಮುಖಗಳಿವೆ. ಒಬ್ಬನ ಮಾತನ್ನು ಮಾತ್ರ ಕೇಳಿ ಇವುಗಳಲ್ಲಿ ಒಂದನ್ನಾದರೂ ನ್ಯಾಯವಾಗಿ ಬಗೆಹರಿಸಲು ಬಾರದು.

ಆದರೆ ಇಂದು ಸಂಜೆಯಾದೊಡನೆ ಮನೆಗಳಲ್ಲಿ ಕೇಳಿಬರುವುದು ಯಾವ ಧ್ವನಿ? ಸುದ್ದಿ ವಾಹಿನಿಗಳ ಚರ್ಚೆಯಲ್ಲಿ ಆರು ಜನ ಒಟ್ಟಿಗೆ ಕೂಗುತ್ತಾರೆ, ಏಳನೆಯವರಾಗಿ ನಿರೂಪಕರೂ ಕೂಗುತ್ತಾರೆ. ಪದ ಮುಗಿಯುವ ಮುನ್ನ ಜವಾಬು, ಪ್ರಶ್ನೆ ಅರ್ಥವಾಗುವ ಮುನ್ನ ಕೋಪ. ಕೆಳಗೆ ಓಡುವ ಕೆಂಪಕ್ಷರ, ಹಿಂದೆ ಯುದ್ಧಭೇರಿಯಂಥ ವಾದ್ಯ. ದುರ್ಯೋಧನ ಬರುವಾಗ ಬಾರಿಸುತ್ತಿದ್ದ ಆ ವಾದ್ಯ ಈಗ ವಿರೋಧಿಯ ಚಿತ್ರ ಬಂದಾಗಲೂ ಬಾರಿಸುತ್ತದೆ. ಹರದೇಶಿ-ನಾಗೇಶಿಯ ಸಭೆಯಲ್ಲಿ ಹೀಗೆ ಮಾಡಿದ ಮೇಳವನ್ನು ಜನ ಎಬ್ಬಿಸಿ ಕಳಿಸುತ್ತಿದ್ದರು. ಮೊಬೈಲಿನಲ್ಲಿ ಬರುವ ತುಣುಕುಗಳಂತೂ ಎದುರಾಳಿಯ ಮಾತಿನ ಅರ್ಧವನ್ನೇ ಕತ್ತರಿಸಿ ಕಳಿಸುತ್ತವೆ. ಅದನ್ನು ಪರಿಶೀಲಿಸದೆ ಬೀಗರ ಗುಂಪಿಗೂ ಬಸದಿಯ ಗುಂಪಿಗೂ ಕಳಿಸುವ ಶ್ರಾವಕ, ದುಃಶ್ರುತಿಯನ್ನು ತಾನು ಕೇಳಿದ್ದಲ್ಲದೆ ಹತ್ತು ಜನರಿಗೆ ಕೇಳಿಸಿದಂತಾಗುತ್ತದೆ. ಸತ್ಯಾಣುವ್ರತಕ್ಕೂ ಅದರಿಂದ ಭಂಗವಿದೆ. ಚುನಾವಣೆ ಮುಗಿದು ತಿಂಗಳುಗಳಾದರೂ ಅಣ್ಣ ತಮ್ಮನ ಹೊಸ್ತಿಲು ತುಳಿಯದ ಮನೆಗಳು, ಟ್ರಸ್ಟಿನ ಸಭೆಯಲ್ಲಿ ಬಣಗಳಾಗಿ ಬೇರೆ ಬೇರೆ ಕುಳಿತುಕೊಳ್ಳುವ ಹಿರಿಯರು, ಇವರ ಮನಸ್ತಾಪದ ಬೇರು ಎಷ್ಟೋ ಸಲ ಇಂಥ ಕೇಳ್ಮೆಯಲ್ಲಿಯೇ ಇದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲರ ಮಾತಿಗೂ ಎಡೆ ಕೊಡುತ್ತ ಹೋದರೆ ಅನ್ಯಾಯವನ್ನು ಅನ್ಯಾಯವೆನ್ನುವುದು ಯಾವಾಗ? ಅನೇಕಾಂತವು ಅಂಜುಬುರುಕರ ಆಶ್ರಯವಾಗದೇ? ಆಕ್ಷೇಪ ಗಂಭೀರವಾದುದು. ಅದಕ್ಕೆ ಉತ್ತರ ಮತ್ತೆ ಗದಾಯುದ್ಧದಲ್ಲಿಯೇ ಇದೆ. ದ್ರೌಪದಿಯ ಅವಮಾನಕ್ಕೆ ಎರಡು ಮುಖಗಳಿವೆಯೆಂದು ರನ್ನ ಹೇಳುವುದಿಲ್ಲ. ಅವನು ಎಡೆ ಕೊಡುವುದು ದುರ್ಯೋಧನನೆಂಬ ಜೀವಕ್ಕೆ, ಅವನ ಕೃತ್ಯಕ್ಕಲ್ಲ. ಸ್ಯಾದ್ವಾದವು ಯಾವ ದೃಷ್ಟಿಯಿಂದ ಯಾವುದು ಸತ್ಯವೆಂದು ಎಚ್ಚರದಿಂದ ಹೇಳಲು ಕಲಿಸುತ್ತದೆ. ಏನನ್ನೂ ಹೇಳದಿರಲು ಅಪ್ಪಣೆ ಕೊಡುವುದಿಲ್ಲ. 'ತಮಸ್' ಧಾರಾವಾಹಿಯನ್ನು ನಿಲ್ಲಿಸಬೇಕೆಂಬ ಬೇಡಿಕೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಾಗ 1988ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ದೇಶವಿಭಜನೆಯ ಕಾಲದ ಹಿಂಸೆಯನ್ನು ಆ ಕೃತಿ ಮರೆಮಾಚಲಿಲ್ಲ. ಆದರೆ ಯಾವ ಒಂದು ಮತದವರನ್ನೂ ರಾಕ್ಷಸರನ್ನಾಗಿ ತೋರಿಸದೆ, ಹಿಂಸೆಯನ್ನು ಹಚ್ಚುವವರ ಕೈಯನ್ನು ತೋರಿಸಿತು. ಕಟುಸತ್ಯವನ್ನು ದ್ವೇಷವಿಲ್ಲದೆ ಹೇಳುವುದಕ್ಕೆ ಅದು ಒಳ್ಳೆಯ ಮಾದರಿ. ಕೇಳಲು ಅಹಿತವಾದುದೆಲ್ಲ ದುಃಶ್ರುತಿಯಲ್ಲ, ಹಿತವಾಗಿ ಕೇಳಿಸುವುದೆಲ್ಲ ಸುಶ್ರುತಿಯೂ ಅಲ್ಲ.

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತೇರದಾಳದ ಗೊಂಕ ಜಿನಾಲಯದಂಥ ಹನ್ನೆರಡನೆಯ ಶತಮಾನದ ಬಸದಿ ಇರುವ ಸೀಮೆಯಿದು. ಇಲ್ಲಿ ಹಳಗನ್ನಡ ಪರದೇಶಿಯಾಗಬಾರದು. ದಶಲಕ್ಷಣ ಪರ್ವದ ಹತ್ತು ಸಂಜೆಗಳಲ್ಲಿ ಒಂದನ್ನಾದರೂ ಗದಾಯುದ್ಧದ ವಾಚನ ವ್ಯಾಖ್ಯಾನಕ್ಕೆ ಮೀಸಲಿಡಬಹುದು. ಮಕ್ಕಳಿಗೆ ಯಾವುದಾದರೂ ಊರಿನ ಪ್ರಶ್ನೆಯ ಮೇಲೆ ಸ್ಪರ್ಧೆ ಏರ್ಪಡಿಸಿ, ತಾವು ಒಪ್ಪದ ಪಕ್ಷವನ್ನೇ ಸಮರ್ಥಿಸಿ ಮಾತನಾಡಲು ಹೇಳಬಹುದು. ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಬಹುಮತದಿಂದ ಸೋತ ಅಭಿಪ್ರಾಯವನ್ನೂ ಕಾರಣಸಹಿತವಾಗಿ ನಡಾವಳಿ ಪುಸ್ತಕದಲ್ಲಿ ಬರೆದಿಡಬಹುದು. ಮನೆಗಳಲ್ಲಿ ಯಜಮಾನರು ಪರ್ವದ ದಿನಗಳಲ್ಲಿಯಾದರೂ ಸುದ್ದಿಯ ಅಬ್ಬರವನ್ನು ನಿಲ್ಲಿಸಿ, ಒಂದು ರಾಗವನ್ನೋ ಒಂದು ಹಳೆಯ ಪದವನ್ನೋ ಮಕ್ಕಳೊಡನೆ ಪೂರ್ತಿ ಕೇಳಬಹುದು. ಉಪವಾಸ ಮಾಡಿದ ಹೊಟ್ಟೆಯೊಡನೆ ಕಿವಿಗೂ ಅಷ್ಟು ವಿಶ್ರಾಂತಿ ಸಲ್ಲಬೇಕು.

ಪರ್ವದ ಕಡೆಯಲ್ಲಿ ಕ್ಷಮಾವಣಿಯ ದಿನ ಬರುತ್ತದೆ. ಆ ದಿನ ಶ್ರಾವಕರು ಪರಸ್ಪರ ಕೈಮುಗಿದು ಕ್ಷಮೆ ಕೇಳುತ್ತಾರೆ. ಬಹುಮಟ್ಟಿಗೆ ಅದು ಮಿತ್ರರ ನಡುವೆ, ಬಂಧುಗಳ ನಡುವೆ ನಡೆದುಹೋಗುತ್ತದೆ; ವರ್ಷವಿಡೀ ವಿರೋಧಿಸಿದವನ ಮನೆಯವರೆಗೆ ಹೋಗುವುದು ಅಪರೂಪ. ಮುಧೋಳದ ಕವಿ ತನ್ನ ಪ್ರತಿನಾಯಕನನ್ನು ಅಭಿಮನ್ಯುವಿನ ಶವದ ಮುಂದೆ ಕೈಮುಗಿಸಿ ನಿಲ್ಲಿಸಿದಾಗ, ಅವನ ಕಡುವೈರಿಯ ಮಗನಿಗೇ ಗೌರವ ಸಲ್ಲಿಸುವಂತೆ ಮಾಡಿದ. ಯುದ್ಧದಲ್ಲಿ ಸೋತ ದುರ್ಯೋಧನನಿಗೆ ಸಾಧ್ಯವಾದುದು ಚುನಾವಣೆಯಲ್ಲಿ ಗೆದ್ದವರಿಗೂ ಸೋತವರಿಗೂ ಅಸಾಧ್ಯವಾಗಬೇಕಾಗಿಲ್ಲ. ಮುಂದಿನ ಕ್ಷಮಾವಣಿಯಂದು ಪ್ರತಿಯೊಂದು ಮನೆಯವರೂ ತಾವು ಮತ ಹಾಕದ ಕಡೆಯವರ ಒಂದು ಮನೆಗಾದರೂ ಹೋಗಿ ಕುಳಿತು, ಅವರ ಮಾತನ್ನು ನಡುವೆ ತಡೆಯದೆ ಪೂರ್ತಿ ಕೇಳಿ ಬಂದರೆ, ರನ್ನನ ಹೆಸರಿನಲ್ಲಿ ನಡೆಯುವ ಯಾವ ಉತ್ಸವಕ್ಕಿಂತಲೂ ಅದು ಅವನಿಗೆ ಸಲ್ಲಿಸಿದ ಹಿರಿಯ ಗೌರವವಾದೀತು.